ಫಿಯಟ್ ಸಾಕಿದವರ ಲೆಕ್ಕ

1964ರಲ್ಲಿ ಪ್ರಧಾನಿಯಾದಾಗ ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಗೆ ಸ್ವಂತ ಕಾರು ಇರಲಿಲ್ಲ. ಮನೆಮಂದಿಯ ಒತ್ತಾಯಕ್ಕೆ ಮಣಿದು ಒಂದು ಫಿಯಟ್ ಕೊಳ್ಳಲು ವಿಚಾರಿಸಿದಾಗ ಬೆಲೆ 12 ಸಾವಿರ ರೂಪಾಯಿ ಎಂದು ತಿಳಿಯಿತು. ಬ್ಯಾಂಕಿನಲ್ಲಿ ಇದ್ದದ್ದು 7 ಸಾವಿರ. ಉಳಿದ 5 ಸಾವಿರವನ್ನು ಅವರು ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಸಾಲ ತೆಗೆದರು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಕೊಂಡಾಗ ಸಾಲ ಇನ್ನೂ ಬಾಕಿ ಇತ್ತು. ಅದನ್ನು ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿ ಹಣದಿಂದ ತೀರಿಸಿದರೆಂದು ಅವರ ಮಕ್ಕಳು ಹೇಳಿದ್ದಾರೆ. ಆ ಕಾರು ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿದೆ.

ಈ ಪ್ರಸಂಗವನ್ನು ಪ್ರಾಮಾಣಿಕತೆಯ ನಿದರ್ಶನವಾಗಿ ಹೇಳುವುದು ವಾಡಿಕೆ. ಆದರೆ ಇದರಲ್ಲಿ ಮನೆವಾರ್ತೆಯ ಇನ್ನೊಂದು ಸಂಗತಿಯೂ ಇದೆ. ಪ್ರಧಾನಿಗೇ ಸಾಲ ಮಾಡದೆ ದಕ್ಕದ ವಸ್ತುವನ್ನು ಆ ಕಾಲದ ವೈದ್ಯರು, ವಕೀಲರು, ಪ್ರಾಧ್ಯಾಪಕರು, ಸಣ್ಣ ವ್ಯಾಪಾರಿಗಳು ಹೇಗೋ ಹೊಂದಿಸಿ ಕೊಂಡರು. ಕೊಂಡು ಇಪ್ಪತ್ತು, ಮೂವತ್ತು ವರ್ಷ ಇಟ್ಟುಕೊಂಡರು. ಕಾರು 'ಸಾಕುವುದು' ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಹಸು ಎಮ್ಮೆಗಳಂತೆ ಅದಕ್ಕೂ ಮೇವು, ನೀರು, ಕಾಯಿಲೆ, ವೈದ್ಯ ಎಲ್ಲವೂ ಇದ್ದವು. ಕೊಂಡ ಬೆಲೆ ರಸೀದಿಯಲ್ಲಿರುತ್ತಿತ್ತು. ಸಾಕಿದ ಬೆಲೆ ಯಾವ ರಸೀದಿಯಲ್ಲೂ ಇರುತ್ತಿರಲಿಲ್ಲ.

ಮುಂದೆ 'ಪ್ರೀಮಿಯರ್ ಪದ್ಮಿನಿ' ಎಂದು ಹೆಸರಾದ ಈ ಕಾರಿನ ಹಿಂದೆ ಕನ್ನಡ ನಾಡಿಗೆ ಸೇರಬಹುದಾಗಿದ್ದ ಒಂದು ಕಥೆಯೂ ಇದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಮೋಟಾರು ತಯಾರಿಸಬೇಕೆಂದು ಯೂರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದು ಯೋಜನೆ ಸಿದ್ಧಪಡಿಸಿದ್ದರು. ಬಂಡವಾಳ ಹೂಡಲು ಮುಂದೆ ಬಂದವರು ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಮೈಸೂರು ಸಂಸ್ಥಾನ ಕಾರ್ಖಾನೆಯನ್ನು ಬೆಂಗಳೂರಿಗೆ ತರಲು ನೆರವು ನೀಡಲು ಸಿದ್ಧವಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ವಾಲ್‌ಚಂದರು 1940ರಲ್ಲಿ ಬೆಂಗಳೂರಿಗೆ ತಂದದ್ದು ವಿಮಾನ ಕಾರ್ಖಾನೆಯನ್ನು. ಅದೇ ಇಂದಿನ ಎಚ್‌ಎಎಲ್. ಮೋಟಾರು ಕಾರ್ಖಾನೆ ಮಾತ್ರ 1944ರಲ್ಲಿ 'ಪ್ರೀಮಿಯರ್ ಆಟೊಮೊಬೈಲ್ಸ್' ಎಂಬ ಹೆಸರಿನಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಗಿ, ಅಲ್ಲಿನ ಕುರ್ಲಾದಲ್ಲಿ ನೆಲೆಯೂರಿತು. ಮೊದಲು ಅಮೆರಿಕದ ಡಾಡ್ಜ್, ಪ್ಲಿಮತ್ ವಾಹನಗಳ ಜೋಡಣೆ ನಡೆಯಿತು. 1950ರ ದಶಕದಲ್ಲಿ ಇಟಲಿಯ ಫಿಯಟ್ ಕಂಪನಿಯ ಜೊತೆ ಸಂಬಂಧ ಬೆಳೆಯಿತು.

ಫಿಯಟ್ 1100 ಇಟಲಿಯಲ್ಲಿ 1953ರಲ್ಲಿ ಹೊರಬಂದ ಕಾರು. ಅದರ ವಿನ್ಯಾಸಕ ದಾಂತೆ ಜಕೋಸಾ. ಭಾರತಕ್ಕೆ ಬಂದ ಮೊದಲ ಮಾದರಿಗಳ ಗುಂಡುಗುಂಡಾದ ಮೂತಿ ನೋಡಿ ಮುಂಬಯಿಯ ಮರಾಠಿಗರು ಅದನ್ನು 'ಡುಕ್ಕರ್ ಫಿಯಟ್', ಅಂದರೆ ಹಂದಿ ಫಿಯಟ್ ಎಂದು ಕರೆದರು. ಮೂಲೆಗಳು ಚೂಪಾಗಿ, ಪೆಟ್ಟಿಗೆಯ ಆಕಾರ ತಳೆದ ಮಾದರಿ ಇಲ್ಲಿ ತಯಾರಾಗತೊಡಗಿದ್ದು 1964ರಲ್ಲಿ. ಫಿಯಟ್ ಜೊತೆಗಿನ ಒಪ್ಪಂದ ಮುಗಿದ ಮೇಲೆ ಅದು ಕೆಲಕಾಲ 'ಪ್ರೆಸಿಡೆಂಟ್' ಆಯಿತು, 1974ರಿಂದ 'ಪದ್ಮಿನಿ' ಆಯಿತು. ಜನರ ಬಾಯಲ್ಲಿ ಮಾತ್ರ ಕೊನೆಯವರೆಗೂ ಫಿಯಟ್ಟೇ. ಇಟಲಿಯಲ್ಲಿ 1100ರ ತಯಾರಿಕೆ 1969ರಲ್ಲೇ ನಿಂತಿತು. ಕುರ್ಲಾದಲ್ಲಿ ಅದು ಶತಮಾನದ ಅಂತ್ಯದವರೆಗೂ, ಅಂದರೆ ಇನ್ನೂ ಮೂವತ್ತು ವರ್ಷ ನಡೆಯಿತು.

ಒಳಗಿನ ಎಂಜಿನ್ನು ಅದಕ್ಕಿಂತಲೂ ಹಳೆಯದು. ನಾಲ್ಕು ಸಿಲಿಂಡರ್, 1089 ಸಿಸಿ. ಸಿಲಿಂಡರಿನ ಒಳವ್ಯಾಸ 68 ಮಿಲಿಮೀಟರ್, ಪಿಸ್ಟನ್ ಓಡಾಡುವ ದೂರ 75 ಮಿಲಿಮೀಟರ್. ಈ ಅಳತೆ ಫಿಯಟ್ 1937ರಲ್ಲಿ ಹೊರತಂದ ಒಂದು ಕಾರಿನದು. ಶಕ್ತಿ ಸುಮಾರು 40 ಕುದುರೆ. ಅಂದರೆ 1990ರ ದಶಕದಲ್ಲಿ ಹೊಸ ಪದ್ಮಿನಿ ಕೊಂಡವರು ಎರಡನೇ ಮಹಾಯುದ್ಧಕ್ಕೂ ಹಿಂದಿನ ಅಳತೆಯ ಎಂಜಿನ್ನನ್ನು ಮನೆಗೆ ತರುತ್ತಿದ್ದರು. ಇದು ಆ ಕಾರಿನ ಎಲ್ಲ ತಾಪತ್ರಯಗಳ ಮೂಲ. ಅದು ಅಷ್ಟು ವರ್ಷ ಬದುಕಿದ್ದಕ್ಕೂ ಇದೇ ಕಾರಣ ಎಂಬುದು ಮುಂದೆ ತಿಳಿಯುತ್ತದೆ.

ಮೊದಲ ತಾಪತ್ರಯ ಕಾರು ಸಿಗುವುದೇ ಆಗಿತ್ತು. 1959ರಲ್ಲಿ ಕೇಂದ್ರ ಸರ್ಕಾರ ಕಾರುಗಳ ವಿತರಣೆ ಮತ್ತು ಮಾರಾಟದ ಮೇಲೆ ನಿಯಂತ್ರಣ ಆದೇಶ ಹೊರಡಿಸಿತು. ಎಷ್ಟು ಕಾರು ತಯಾರಿಸಬೇಕೆಂಬುದಕ್ಕೂ ಲೈಸೆನ್ಸು, ಬೆಲೆಗೂ ಅಂಕೆ. ಬೆಲೆ ಎಷ್ಟಿರಬೇಕೆಂಬ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗಿ 1971ರಲ್ಲಿ ತೀರ್ಪಾಯಿತು. ಮುಂಗಡ ಕಟ್ಟಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಕೈಗೆ ಬಂದ ಕಾರನ್ನು ತಕ್ಷಣ ಮಾರಿ ಲಾಭ ಮಾಡಿಕೊಳ್ಳದಂತೆಯೂ ನಿರ್ಬಂಧವಿತ್ತು. ಏಕೆಂದರೆ ಸರದಿ ಕಾಯಲಾರದವರು ಓಡಿಸಿದ ಕಾರಿಗೆ ಹೊಸ ಕಾರಿಗಿಂತ ಹೆಚ್ಚು ಕೊಡಲು ತಯಾರಿದ್ದರು. ಇಂಥ ಪೇಟೆಯಲ್ಲಿ ಹಳೆಯ ಕಾರನ್ನು ಎಸೆಯುವ ಪ್ರಶ್ನೆಯೇ ಇರಲಿಲ್ಲ. ಕೆಟ್ಟರೆ ರಿಪೇರಿ, ಮತ್ತೆ ಕೆಟ್ಟರೆ ಮತ್ತೆ ರಿಪೇರಿ.

ಕೆಡುವುದಕ್ಕೆ ಕಾಲಮಾನದ ಹಂಗೂ ಇತ್ತು. ಬೇಸಿಗೆಯ ಕಾಯಿಲೆಗಳು ಬೇರೆ, ಮಳೆಗಾಲದ್ದು ಬೇರೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಚೆನ್ನಾಗಿ ಓಡುತ್ತಿದ್ದ ಕಾರು ಇದ್ದಕ್ಕಿದ್ದಂತೆ ಮುಕ್ಕರಿಸಿ ನಿಂತುಬಿಡುವುದು ಸಾಮಾನ್ಯ. ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು ಕಾರ್ಬುರೇಟರಿಗೆ ಕೊಡುವ ಪುಟ್ಟ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿತ್ತು. ಎಂಜಿನ್ ಕಾದಾಗ ಪಂಪು ಕಾಯುತ್ತಿತ್ತು, ಅದರೊಳಗಿನ ಪೆಟ್ರೋಲು ಕುದಿದು ಆವಿಯಾಗುತ್ತಿತ್ತು. ಪಂಪು ದ್ರವವನ್ನು ತಳ್ಳಬಲ್ಲದು, ಆವಿಯನ್ನಲ್ಲ. ಮೆಕ್ಯಾನಿಕ್‌ಗಳು 'ವೇಪರ್ ಲಾಕ್' ಎನ್ನುತ್ತಿದ್ದ ಈ ರೋಗಕ್ಕೆ ಮದ್ದು ಒದ್ದೆ ಬಟ್ಟೆ. ಪಂಪಿನ ಮೇಲೆ ತಣ್ಣೀರಿನ ಬಟ್ಟೆ ಹೊದಿಸಿ ಹತ್ತು ನಿಮಿಷ ಮರದ ನೆರಳಲ್ಲಿ ಕೂತರೆ ಕಾರು ಮತ್ತೆ ಹೊರಡುತ್ತಿತ್ತು. ಜ್ವರ ಬಂದ ಮಗುವಿನ ಹಣೆಗೆ ಪಟ್ಟಿ ಹಾಕಿದಂತೆ.

ಮಳೆಗಾಲದಲ್ಲಿ ತೊಂದರೆ ವಿದ್ಯುತ್ತಿನದು. ಪ್ರತಿ ಸಿಲಿಂಡರಿಗೂ ಸರಿಯಾದ ಗಳಿಗೆಯಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಒಂದು ಜೊತೆ ಲೋಹದ ಬಿಂದುಗಳು ಕೂಡುತ್ತ ಬಿಡುತ್ತ ಇರುತ್ತಿದ್ದವು. ಗ್ಯಾರೇಜಿನ ಭಾಷೆಯಲ್ಲಿ ಅವು 'ಪಾಯಿಂಟು'. ಅವುಗಳ ನಡುವಿನ ಸಂದು ಒಂದು ಮಿಲಿಮೀಟರಿನ ಅರ್ಧದಷ್ಟೂ ಇಲ್ಲ. ಅದು ಸವೆದರೆ, ಮಸಿ ಹಿಡಿದರೆ, ತೇವ ತಗುಲಿದರೆ ಕಾರು ಬೆಳಿಗ್ಗೆ ಏಳುತ್ತಲೇ ಇರಲಿಲ್ಲ. ಮುಚ್ಚಳ ತೆಗೆದು ಒಣಬಟ್ಟೆಯಲ್ಲಿ ಒರೆಸುವುದು, ಮರಳು ಕಾಗದದಿಂದ ಪಾಯಿಂಟು ಉಜ್ಜುವುದು, ಅಳತೆಪಟ್ಟಿ ಇಲ್ಲದಿದ್ದರೆ ವಿಸಿಟಿಂಗ್ ಕಾರ್ಡನ್ನೇ ತೂರಿಸಿ ಸಂದು ಸರಿಮಾಡುವುದು ಕಾರು ಇದ್ದವರೆಲ್ಲ ಕಲಿತ ವಿದ್ಯೆ. ಹಳೆಯ ಮಾದರಿಗಳ ಡೈನಮೋ ಎಂಜಿನ್ ನಿಧಾನವಾಗಿ ತಿರುಗುವಾಗ ಸಾಕಷ್ಟು ವಿದ್ಯುತ್ ಕೊಡುತ್ತಿರಲಿಲ್ಲ. ದೀಪ, ವೈಪರ್ ಎರಡೂ ಹಾಕಿ ಮಳೆಯಲ್ಲಿ ಊರೊಳಗೆ ನಿಧಾನವಾಗಿ ಬಂದರೆ ರಾತ್ರಿ ಕಳೆಯುವಷ್ಟರಲ್ಲಿ ಬ್ಯಾಟರಿ ಖಾಲಿ. ಆಮೇಲೆ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ತಳ್ಳಬೇಕು.

ನಿಜವಾದ ಖರ್ಚು ಬರುತ್ತಿದ್ದದ್ದು ಘಟ್ಟದಲ್ಲಿ. 40 ಕುದುರೆ ಶಕ್ತಿಯ ಕಾರಿನಲ್ಲಿ ಆರೇಳು ಜನ, ಮೇಲೆ ಕ್ಯಾರಿಯರಿನಲ್ಲಿ ಹಾಸಿಗೆ-ಟ್ರಂಕು. ಹೀಗೆ ಶಿರಾಡಿ, ಚಾರ್ಮಾಡಿ, ಆಗುಂಬೆ ಹತ್ತಬೇಕಾದರೆ ಎಂಜಿನ್ನಿಗೆ ಪೂರ್ತಿ ದುಡಿಮೆ, ಕಾರಿನ ವೇಗ ಮಾತ್ರ ಎತ್ತಿನಗಾಡಿಯದು. ಎದುರಿನಿಂದ ಗಾಳಿ ಬಾರದೆ ರೇಡಿಯೇಟರು ಕುದಿಯುತ್ತಿತ್ತು. ನೀರಿನ ಕ್ಯಾನು ಇಲ್ಲದೆ ಘಟ್ಟ ಹತ್ತುವವರನ್ನು ಅನುಭವಸ್ಥರು ಬೈಯುತ್ತಿದ್ದರು. ತಾಳ್ಮೆಗೆಟ್ಟು ಬಿಸಿ ಮುಚ್ಚಳ ತೆಗೆದರೆ ಕೈಮುಖ ಸುಟ್ಟುಕೊಳ್ಳುವ ಅಪಾಯ.

ಕುದಿದ ನೀರು ತಣಿದ ಮೇಲೂ ಅದರ ಫಲ ಉಳಿಯುತ್ತಿತ್ತು. ಈ ಎಂಜಿನ್ನಿನ ಕೆಳಭಾಗ ಎರಕದ ಕಬ್ಬಿಣ, ಮೇಲೆ ಕೂರುವ 'ಹೆಡ್ಡು' ಅಲ್ಯೂಮಿನಿಯಂ. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಮಿತಿಮೀರಿ ಕಾದರೆ ಅದು ಸೊಟ್ಟಗಾಗುತ್ತದೆ. ಎರಡರ ನಡುವಿನ ಗ್ಯಾಸ್ಕೆಟ್ ಸುಟ್ಟು ನೀರು ಆಯಿಲಿಗೆ ಇಳಿಯುತ್ತದೆ. ಅಳತೆಕಡ್ಡಿ ಎತ್ತಿ ನೋಡಿದಾಗ ಕಪ್ಪು ಆಯಿಲಿನ ಬದಲು ಹಾಲು ಬೆರೆಸಿದ ಕಾಫಿಯಂಥ ನೊರೆ ಕಂಡರೆ ಮಾಲೀಕನ ಮುಖ ಬಾಡಿತೆಂದೇ ಲೆಕ್ಕ. ಹೆಡ್ಡು ಇಳಿಸಿ ಲೇತಿನವರ ಬಳಿ ಮಟ್ಟ ಮಾಡಿಸಬೇಕು. ಪ್ರತಿ ಸಲವೂ ಅದು ಸ್ವಲ್ಪ ತೆಳುವಾಗುತ್ತದೆ, ಒಳಗಿನ ಒತ್ತಡ ಹೆಚ್ಚುತ್ತದೆ, ಎಂಜಿನ್ 'ನಾಕ್' ಹೊಡೆಯತೊಡಗುತ್ತದೆ. ಹೀಗೆ ಒಂದು ರಿಪೇರಿಯಲ್ಲೇ ಮುಂದಿನ ರಿಪೇರಿಯ ಬೀಜವಿರುತ್ತಿತ್ತು.

ವರ್ಷಗಳು ಕಳೆದಂತೆ ಸಿಲಿಂಡರಿನ ಗೋಡೆ ಸವೆದು ಹಿಂದೆ ನೀಲಿ ಹೊಗೆ ಶುರುವಾಗುತ್ತಿತ್ತು. ಪೆಟ್ರೋಲಿಗಿಂತ ಆಯಿಲೇ ಹೆಚ್ಚು ಕುಡಿಯುತ್ತದೆ ಎಂಬ ಗೊಣಗಾಟ ಮನೆಯಲ್ಲಿ ಕೇಳಿಬಂದರೆ 'ಬೋರಿಂಗ್' ಕಾಲ ಬಂದಿತೆಂದು ಅರ್ಥ. ಎಂಜಿನ್ ಬಿಚ್ಚಿ, ಸಿಲಿಂಡರನ್ನು ಕೂದಲೆಳೆಯಷ್ಟು ಅಗಲ ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುವ ಕೆಲಸ ಅದು. ಅಗಲ ಮಾಡುತ್ತ ಹೋಗಿ ಇನ್ನು ಸಾಧ್ಯವಿಲ್ಲವೆನಿಸಿದಾಗ ಕಬ್ಬಿಣದ ತೋಳು ಕೂರಿಸಿ ಮತ್ತೆ ಮೊದಲ ಅಳತೆಗೆ ತರುತ್ತಿದ್ದರು. ಮನುಷ್ಯನಿಗೆ ಇಂಥ ಸೌಕರ್ಯ ಇದ್ದಿದ್ದರೆ ಎನಿಸುವಂತಿತ್ತು. ಇದು ಮನೆಯ ಬಜೆಟ್ಟಿಗೆ ಮಗಳ ಮದುವೆಯಷ್ಟಲ್ಲದಿದ್ದರೂ ಹಬ್ಬದ ಬಟ್ಟೆಗಿಂತ ದೊಡ್ಡ ಖರ್ಚು.

ಸ್ಟಿಯರಿಂಗಿನ ಪಕ್ಕದಲ್ಲಿದ್ದ ಗೇರಿನ ಸಲಾಕೆಯದು ಬೇರೆಯೇ ಪುರಾಣ. ಮುಂದಿನ ಸೀಟಿನಲ್ಲಿ ಮೂವರು ಕೂರಲಿ ಎಂದು ಗೇರನ್ನು ಅಲ್ಲಿಟ್ಟಿದ್ದರು. ಅಲ್ಲಿಂದ ಗೇರ್ ಪೆಟ್ಟಿಗೆಯವರೆಗೆ ಕಡ್ಡಿಗಳೂ ಕೀಲುಗಳೂ ಹಾದುಹೋಗಬೇಕಿತ್ತು. ಕೀಲು ಸವೆದಾಗ ಗೇರು ಎರಡರ ನಡುವೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಸಿಗ್ನಲ್ಲಿನಲ್ಲಿ ಚಾಲಕ ಇಳಿದು ಬಾನೆಟ್ ಎತ್ತಿ, ಕೈಯಿಂದ ಕಡ್ಡಿ ತಟ್ಟಿ ಬಿಡಿಸಿ, ಹಿಂದಿನವರ ಹಾರನ್ನಿಗೆ ಕಿವಿಗೊಡದೆ ಮತ್ತೆ ಕೂರುವ ದೃಶ್ಯ ಮುಂಬಯಿಯಲ್ಲಿ ದಿನನಿತ್ಯದ್ದು.

ಬ್ರೇಕಿನ ಮಾತನ್ನು ನಗುತ್ತ ಹೇಳುವಂತಿಲ್ಲ. ಇಟಲಿಯ 1100ಕ್ಕೆ 1966ರಲ್ಲೇ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂದಿತ್ತು. ಇಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕೇ ಮುಂದುವರಿಯಿತು. ಚಕ್ರದೊಳಗಿನ ಪುಟ್ಟ ರಬ್ಬರು ಬಿರಡೆಗಳು ಹಳೆಯದಾದರೆ ಬ್ರೇಕ್ ಆಯಿಲ್ ಸೋರಿ, ಒಂದು ಚಕ್ರ ಹಿಡಿದು ಇನ್ನೊಂದು ಜಾರಿ, ಕಾರು ಪಕ್ಕಕ್ಕೆ ಎಳೆಯುತ್ತಿತ್ತು. ಪೆಡಲನ್ನು ಎರಡು ಸಲ ಒತ್ತಿದ ಮೇಲೇ ನಿಲ್ಲುವ ಕಾರುಗಳಿಗೆ ಜನ ಒಗ್ಗಿಹೋಗಿದ್ದರು. ಆ ಒಗ್ಗಿಕೊಳ್ಳುವಿಕೆಗೆ ಎಷ್ಟೋ ಮನೆಗಳು ಬೆಲೆ ತೆತ್ತಿರಬೇಕು.

ಎಲ್ಲಕ್ಕಿಂತ ಮೋಸದ ಶತ್ರು ತುಕ್ಕು. ಜೀಪು, ಲಾರಿಗಳಂತೆ ಈ ಕಾರಿಗೆ ಬೇರೆ ಚಾಸಿಸ್ ಇಲ್ಲ. ತಗಡಿನ ಮೈಯೇ ಅದರ ಬೆನ್ನೆಲುಬು. ಕಾಲಡಿಯ ತಗಡು, ಬಾಗಿಲ ಕೆಳಗಿನ ಪಟ್ಟಿ ತುಕ್ಕು ತಿಂದರೆ ಅಂದ ಕೆಡುವುದಷ್ಟೇ ಅಲ್ಲ, ಇಡೀ ಕಾರಿನ ಬಲವೇ ಕುಗ್ಗುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ರಬ್ಬರು ಹಾಸಿನ ಕೆಳಗೆ ನೀರು ನಿಂತು ತಗಡು ಸದ್ದಿಲ್ಲದೆ ಕರಗುತ್ತಿತ್ತು. ಟಿಂಕರಿಂಗ್‌ನವನು ಸುತ್ತಿಗೆಯಿಂದ ತಟ್ಟಿದಾಗಲೇ ಮೇಲೆ ಬಣ್ಣ ಮಾತ್ರ ಉಳಿದಿದೆ ಎಂದು ತಿಳಿಯುವುದು.

ಇಷ್ಟೆಲ್ಲ ಇದ್ದೂ ಮಧ್ಯಮವರ್ಗದ ಮನೆಗಳು ಈ ಕಾರನ್ನು ಹೇಗೆ ಸಾಕಿದವು? ಗಟ್ಟಿಮುಟ್ಟಾದ ಕಾರು, ಆದ್ದರಿಂದ ಬಾಳಿತು ಎಂಬ ಉತ್ತರ ಅರ್ಧಸತ್ಯ. ಬಾಳಿಕೆಗೆ ಮೂರು ಕೈಗಳ ಆಸರೆಯಿತ್ತು.

ಮೂವತ್ತಕ್ಕೂ ಹೆಚ್ಚು ವರ್ಷ ಕಾರಿನ ಮೂಲ ವಿನ್ಯಾಸ ಬದಲಾಗಲಿಲ್ಲ ಎಂಬುದು ಒಂದು. ಸೋಮಾರಿತನ, ಪೈಪೋಟಿಯ ಅಭಾವ ಎಂದು ಟೀಕಿಸಿದವರ ಮಾತು ನಿಜವೇ. ಆದರೆ ಅದರಿಂದಲೇ ಒಂದು ಕಾರಿನ ಭಾಗ ಇನ್ನೊಂದಕ್ಕೆ ಹೊಂದುತ್ತಿತ್ತು. ಕಂಪನಿಯ ಮಾಲು ದುಬಾರಿಯಾದರೆ ಸಣ್ಣ ಕಾರ್ಖಾನೆಗಳ ನಕಲು ಮಾಲು, ಅದೂ ಬೇಡವೆಂದರೆ ಗುಜರಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿ ಸಾಲಿನಲ್ಲಿ ಹುಡುಕಿದರೆ ಸಿಗದ ವಸ್ತುವಿಲ್ಲ ಎಂಬ ಮಾತಿತ್ತು.

ಇನ್ನೊಂದು, ಮುಂಬಯಿಯ ಟ್ಯಾಕ್ಸಿ. ಕಪ್ಪು-ಹಳದಿ ಬಣ್ಣದ ಪದ್ಮಿನಿಗಳು ಆ ಮಹಾನಗರದ ಬೀದಿಗಳಲ್ಲಿ ಹಗಲೂ ರಾತ್ರಿ ಓಡಿ ಬಿಡಿಭಾಗಗಳನ್ನು ಸವೆಸುತ್ತಿದ್ದವು. ಅಷ್ಟು ದೊಡ್ಡ ಗಿರಾಕಿ ಇದ್ದದ್ದರಿಂದಲೇ ಬಿಡಿಭಾಗ ತಯಾರಿಕೆ ಲಾಭದ ಕಸುಬಾಗಿ, ಹುಬ್ಬಳ್ಳಿಯ ಡಾಕ್ಟರರಿಗೂ ಮಂಗಳೂರಿನ ವಕೀಲರಿಗೂ ಅಗ್ಗದ ಬ್ರೇಕ್ ಕಿಟ್ ಸಿಗುತ್ತಿತ್ತು. ಖಾಸಗಿ ಮಾಲೀಕರ ಖರ್ಚಿನ ಒಂದು ಪಾಲನ್ನು, ಅರಿವಿಲ್ಲದೆ, ಟ್ಯಾಕ್ಸಿ ಚಾಲಕರು ಹೊರುತ್ತಿದ್ದರು ಎಂದರೆ ತಪ್ಪಾಗದು.

ಮೂರನೆಯದನ್ನು ಹಳೆಯ ಕಾರಿನ ನೆನಪುಗಳಲ್ಲಿ ಯಾರೂ ಹೆಚ್ಚು ಹೇಳುವುದಿಲ್ಲ. ಅದು ಮೆಕ್ಯಾನಿಕ್ಕಿನ ಕೂಲಿ. ಎಂಜಿನ್ ಇಳಿಸಿ ಏರಿಸುವುದಕ್ಕೆ ದಿನಗಳು ಹಿಡಿಯುತ್ತವೆ. ಆ ದಿನಗಳ ಬೆಲೆ ಕಡಿಮೆಯಿದ್ದದ್ದರಿಂದಲೇ ಕೊಳ್ಳುವುದಕ್ಕಿಂತ ರಿಪೇರಿ ಲಾಭದ್ದೆನಿಸಿತು. ಓದು ಬಿಟ್ಟು ಗ್ಯಾರೇಜು ಸೇರಿದ ಹುಡುಗರು ಮೊದಲ ವರ್ಷಗಳಲ್ಲಿ ಊಟ-ತಿಂಡಿಗೇ ಸ್ಪ್ಯಾನರ್ ಎತ್ತಿಕೊಡುತ್ತಿದ್ದರು. ಎಂಜಿನ್ನಿನ ಸದ್ದು ಕೇಳಿ ಯಾವ ಸಿಲಿಂಡರ್ ಸತ್ತಿದೆ ಎಂದು ಹೇಳುವ ಕಿವಿ, ಕಾರ್ಬುರೇಟರಿನ ತಿರುಪನ್ನು ಕಾಲುಸುತ್ತು ತಿರುಗಿಸಿ ಎಂಜಿನ್ನನ್ನು ಹದಕ್ಕೆ ತರುವ ಬೆರಳು ಅವರಿಗೆ ಹಾಗೆ ಬಂದದ್ದು. ಆ ವಿದ್ಯೆಗೆ ಪ್ರಮಾಣಪತ್ರವೂ ಇರಲಿಲ್ಲ, ಪಿಂಚಣಿಯೂ ಇರಲಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಈ ಲೆಕ್ಕವೆಲ್ಲ ಬುಡಮೇಲಾಯಿತು. 796 ಸಿಸಿಯ ಮೂರು ಸಿಲಿಂಡರಿನ ಆ ಹಗುರ ಕಾರು ಬೆಳಿಗ್ಗೆ ಒಂದೇ ಸಲಕ್ಕೆ ಎದ್ದು ಹೊರಡುತ್ತಿತ್ತು. ಲೀಟರಿಗೆ ಹತ್ತು-ಹನ್ನೆರಡು ಕಿಲೋಮೀಟರ್ ಕೊಡುತ್ತಿದ್ದ ಪದ್ಮಿನಿಯ ಮುಂದೆ ಅದರ ಪೆಟ್ರೋಲ್ ಖರ್ಚು ತೀರಾ ಕಡಿಮೆ. ಕಾರಿನ ಜೊತೆ ಪರಿಣತಿಯನ್ನೂ ಕೊಳ್ಳಬೇಕಾಗಿಲ್ಲ ಎಂಬುದೇ ಜನಕ್ಕೆ ದೊಡ್ಡ ಬಿಡುಗಡೆಯಾಗಿ ಕಂಡಿತು. ಅದರಲ್ಲೂ ಹೆಂಗಸರು ಒಬ್ಬರೇ ಕಾರು ತೆಗೆದುಕೊಂಡು ಹೋಗುವುದು ಹೆಚ್ಚಾಯಿತು. ದಾರಿಯಲ್ಲಿ ಕೆಡುವ ಕಾರು ಅಷ್ಟುಕಾಲ ಅವರನ್ನು ಸ್ಟಿಯರಿಂಗಿನಿಂದ ದೂರವಿಟ್ಟಿತ್ತು. ಪ್ರೀಮಿಯರ್ ಕಂಪನಿ 1985ರಲ್ಲಿ ನಿಸ್ಸಾನ್ ಎಂಜಿನ್ನಿನ '118 ಎನ್‌ಇ' ಹೊರತಂದಿತು, 1990ರ ದಶಕದಲ್ಲಿ ಪದ್ಮಿನಿಗೇ ಡೀಸೆಲ್ ಎಂಜಿನ್ ಹಾಕಿತು. ಕಾಲ ಮೀರಿತ್ತು.

ಟ್ಯಾಕ್ಸಿಗಳಾಗಿ ಮಾತ್ರ ಪದ್ಮಿನಿಗಳು ಇನ್ನೂ ಎರಡು ದಶಕ ಉಸಿರು ಹಿಡಿದವು. ಪೆಟ್ರೋಲ್ ಬಿಟ್ಟು ಸಿಎನ್‌ಜಿ ಅನಿಲದಿಂದ ಓಡಿದವು. ಮಹಾರಾಷ್ಟ್ರ ಸರ್ಕಾರ 2008ರಲ್ಲಿ ಟ್ಯಾಕ್ಸಿಗಳಿಗೆ 25 ವರ್ಷದ ವಯೋಮಿತಿ ವಿಧಿಸಿ, 2013ರಲ್ಲಿ ಅದನ್ನು 20ಕ್ಕೆ ಇಳಿಸಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ಮುಂಬಯಿಯ ತಾರ್‌ದೇವ್ ಆರ್‌ಟಿಒ ಕಚೇರಿಯಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. 2023ರ ಅಕ್ಟೋಬರ್ 30ರಂದು ಅದರ ಕಾಲವೂ ಮುಗಿಯಿತು.

ಟ್ಯಾಕ್ಸಿಯ ಜೊತೆ ಅಗ್ಗದ ಬಿಡಿಭಾಗದ ಕಾಲವೂ ಹೋಯಿತು. ಈಗ ಹಳೆಯ ಪದ್ಮಿನಿ ಇಟ್ಟುಕೊಂಡವರ ಖರ್ಚಿನ ಪಟ್ಟಿಯೇ ತಿರುವುಮುರುವಾಗಿದೆ. ಹಿಂದೆ ಕಾರು ಸಿಗುವುದು ಕಷ್ಟ, ರಿಪೇರಿ ಸುಲಭ. ಈಗ ಕಾರು ಸಿಕ್ಕರೂ ಗಾಜಿನ ಸುತ್ತಲ ರಬ್ಬರು ಪಟ್ಟಿ, ಹಿಂದಿನ ದೀಪದ ಕೆಂಪು ಮುಚ್ಚಳ, ಕ್ರೋಮಿನ ಅಂಚುಗಳಿಗೆ ಊರೂರು ಅಲೆಯಬೇಕು. ಪಾಯಿಂಟು ಹದ ಮಾಡಬಲ್ಲ ಮೇಸ್ತ್ರಿಗೆ ವಯಸ್ಸಾಗಿದೆ. ಅವರ ಬಳಿ ಪಳಗಿದ ಹುಡುಗರು ಕಂಪ್ಯೂಟರ್ ಜೋಡಿಸಿ ರೋಗ ಪತ್ತೆಮಾಡುವ ಕಾರುಗಳತ್ತ ಹೋಗಿದ್ದಾರೆ. ಬಂಕುಗಳಲ್ಲಿ ಸಿಗುವ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರು ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಹಾಳುಮಾಡಬಲ್ಲದು. ಎಥನಾಲ್ ನೀರನ್ನು ಹೀರುವ ವಸ್ತುವಾದ್ದರಿಂದ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನೊಳಗೆ ತುಕ್ಕು ಹಿಡಿಯುವ ಭಯವೂ ಇದೆ.

ಸರ್ಕಾರದ ಲೆಕ್ಕವೂ ಬೆಳೆದಿದೆ. ಹದಿನೈದು ವರ್ಷ ಮೀರಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5 ಸಾವಿರವಾಯಿತು. ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 2025ರಲ್ಲಿ ಅದು 10 ಸಾವಿರಕ್ಕೆ ಏರಿತು. ರೂಪಾಯಿಯ ಬೆಲೆ ಬದಲಾಗಿದೆ, ನಿಜ. ಆದರೂ ಶಾಸ್ತ್ರಿಯವರ ಇಡೀ ಕಾರಿಗೆ 12 ಸಾವಿರ ಎಂಬುದು ಇಲ್ಲಿ ನೆನಪಾಗದಿರದು.

ಐವತ್ತು ವರ್ಷ ದಾಟಿದ ಕಾರುಗಳಿಗೆ ಬೇರೊಂದು ಬಾಗಿಲು ತೆರೆದಿದೆ. 2021ರ ಕೇಂದ್ರ ನಿಯಮಗಳ ಪ್ರಕಾರ ಮೂಲ ರೂಪದಲ್ಲೇ ಉಳಿದಿರುವ ಅಂಥ ಕಾರನ್ನು 20 ಸಾವಿರ ರೂಪಾಯಿ ಶುಲ್ಕ ಕಟ್ಟಿ 'ವಿಂಟೇಜ್' ಎಂದು ನೋಂದಾಯಿಸಬಹುದು. 1974ರ ಮೊದಲ ಪದ್ಮಿನಿಗಳು ಈಗ ಆ ವಯಸ್ಸು ಮುಟ್ಟಿವೆ. ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯಬಹುದು. ಪೆಟ್ರೋಲ್ ಹಾಕಿಸಲು ಮತ್ತು ರಿಪೇರಿಗಾಗಿ ಗ್ಯಾರೇಜಿಗೆ ಹೋಗಿಬರಲು ನಿಯಮದ ಅಡ್ಡಿಯಿಲ್ಲ.